ಅವ್ವನ ಸೂಜಿ, ಅವ್ವನ ಹೊತ್ತು

ನಮ್ಮ ಮನೆಯಲ್ಲಿ ಬೆಳಿಗ್ಗೆ ಚಹಾಕ್ಕೆ ನೀರಿಡುವ ಮೊದಲು ಎರಡು ಬೆರಳುಗಳಿಗೆ ಸೂಜಿ ಬೀಳುತ್ತದೆ. ಮೊದಲು ಅವ್ವನದು, ಆಮೇಲೆ ನನ್ನದು. ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ನನಗೆ ಬಂದದ್ದು ಮೊನ್ನೆ ಮೊನ್ನೆ, ಐವತ್ತು ದಾಟಿದ ಮೇಲೆ. ಎಲ್ಲರಿಗೂ ತವರಿನಿಂದ ಸೀರೆ, ಬಂಗಾರ ಬರುತ್ತವೆ, ನನಗೆ ಇದು ಬಂತು ನೋಡು ಎಂದು ನಾನು ಚಾಷ್ಟಿ ಮಾಡಿದರೆ ಅವ್ವನಿಗೆ ಸಿಟ್ಟು ಬರುತ್ತದೆ. "ನಾ ಏನ ಬೇಕಂತ ಕೊಟ್ಟೀನೇನ?" ಎಂದು ಮುಖ ಆಚೆ ತಿರುಗಿಸುತ್ತಾಳೆ. ನನ್ನದು ಗುಳಿಗೆಯಲ್ಲಿ ನಡೆದಿದೆ. ಅವ್ವನಿಗೆ ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು, ಬೆಳಗಿನ ನಾಷ್ಟಾದ ಮುಂಚೆ ಒಂದು, ಸಂಜೆ ಊಟದ ಮುಂಚೆ ಒಂದು.

ಆ ರಕ್ತ ನೋಡುವ ಯಂತ್ರ ಕಂಡರೆ ನನಗೆ ಮೈ ಉರಿಯುತ್ತದೆ. ನಿನ್ನೆ ಉಂಡದ್ದನ್ನೇ ಇಂದೂ ಉಂಡಿರುತ್ತೇವೆ. ಅದೇ ಜೋಳದ ರೊಟ್ಟಿ, ಅದೇ ಹೆಸರುಬೇಳೆ, ಅದೇ ಹೀರೇಕಾಯಿ ಪಲ್ಯ. ನಿನ್ನೆ ನೂರಾ ಮೂವತ್ತು ತೋರಿಸಿದ್ದು ಇಂದು ಇನ್ನೂರಾ ಎಂಬತ್ತು ತೋರಿಸುತ್ತದೆ. ಯಾಕಪ್ಪಾ ಎಂದು ಯಾರನ್ನು ಕೇಳಬೇಕು? ನಾನು ಬೆಳಗಾವಿಯ ಶಹಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವಳು. ಮನೆಗೆ ಬಂದರೆ ಇದರ ಮುಂದೆ ನನ್ನ ವಿಜ್ಞಾನವೆಲ್ಲ ಠುಸ್ಸೆನ್ನುತ್ತದೆ.

ಮೇಲಿಂದ ಜನರ ಮಾತು ಬೇರೆ. ನಾವು ಜೈನರು, ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವುದಿಲ್ಲ. ಬಾಜು ಮನೆಯಾಕೆ ಕಟ್ಟೆಯ ಮೇಲೆ ಕುಳಿತು ನಿಜವಾದ ಅಚ್ಚರಿಯಿಂದಲೇ ಕೇಳುತ್ತಾಳೆ, "ಬಟಾಟಿ ತಿನ್ನಂಗಿಲ್ಲ, ಗಜ್ಜರಿ ತಿನ್ನಂಗಿಲ್ಲ, ಜೇನತುಪ್ಪ ಮುಟ್ಟಂಗಿಲ್ಲ, ನಿಮಗ ಹೆಂಗರೀ ಬಂತು ಸಕ್ಕರಿ?" ಹೆಂಗ ಬಂತು ಎಂದರೆ ನಡಕೊಂಡು ಬಂತು ಎಂದು ಒಂದು ದಿನ ಹೇಳಿಬಿಟ್ಟೆ. ಆಕೆ ಎರಡು ದಿನ ಮಾತು ಬಿಟ್ಟಳು, ಆಮೇಲೆ ತಾನೇ ಹಾಗಲಕಾಯಿ ತಂದುಕೊಟ್ಟಳು.

ಸಕ್ಕರೆ ಏರಿದರೆ ನನಗೆ ಸಿಟ್ಟು ಬರುತ್ತದೆ. ಇಳಿದರೆ ಹೆದರಿಕೆ. ಏರಿದ ದಿನ ಅವ್ವ ಮಂಕಾಗಿ ಕೂತಿರುತ್ತಾಳೆ, ನೀರು ನೀರು ಎನ್ನುತ್ತಾಳೆ, ಅಷ್ಟೇ. ಇಳಿಯಿತೆಂದರೆ ಆಟವೇ ಬೇರೆ. ಕುತ್ತಿಗೆ ತಣ್ಣಗೆ ಬೆವರುತ್ತದೆ, ಕೈ ನಡುಗುತ್ತದೆ, ಆಮೇಲೆ ಅವ್ವ ಕನ್ನಡ ಬಿಟ್ಟು ಮರಾಠಿಗೆ ಹೊರಡುತ್ತಾಳೆ. ಆಕೆ ಹುಟ್ಟಿದ್ದು ಲೋಂಡಾದಲ್ಲಿ, ಕಲಿತದ್ದು ಅಲ್ಲಿನ ಮರಾಠಿ ಸಾಲೆಯಲ್ಲಿ, ಖಾನಾಪುರಕ್ಕೆ ಸೊಸೆಯಾಗಿ ಬಂದ ಮೇಲೆ ಮನೆಯಲ್ಲಿ ಕನ್ನಡ. ಎಷ್ಟು ಮರಾಠಿ ಆಡಿದಳೋ ಅಷ್ಟು ಸಕ್ಕರೆ ಇಳಿದಿದೆ ಎಂದು ನನ್ನ ಲೆಕ್ಕ. ಯಂತ್ರಕ್ಕಿಂತ ಅದನ್ನೇ ನಾನು ನಂಬುತ್ತೇನೆ.

ಇಷ್ಟೇ ಆಗಿದ್ದರೆ ಊರ ಮಂದಿಗೆ ಆದ ಹಾಗೆ ನಮಗೂ ಆಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ಅವ್ವನದೊಂದು ನೇಮವಿದೆ. ಮದುವೆಯಾದ ಹೊಸತರಲ್ಲಿ ತನ್ನ ಅತ್ತೆಯ ಜೊತೆ ಬಸದಿಗೆ ಹೋದಾಗ, ಊರೂರು ನಡೆಯುತ್ತ ವಿಹಾರದಲ್ಲಿ ಬಂದಿದ್ದ ಮಾತಾಜಿ, ನಮ್ಮ ಸನ್ಯಾಸಿನಿಯೊಬ್ಬರ ಮುಂದೆ ಹಿಡಿದದ್ದಂತೆ. ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರಿಲ್ಲ, ಜೀವ ಇರುವ ತನಕ. ಕತ್ತಲಲ್ಲಿ ಕಣ್ಣಿಗೆ ಕಾಣದ ಹುಳುಹುಪ್ಪಟೆ ತುತ್ತಿನ ಜೊತೆ ಸಾಯಬಾರದು ಎಂಬುದು ಅದರ ಮೂಲ. ಬಾಣಂತಿತನದಲ್ಲೂ ಅವ್ವ ಅದನ್ನು ಬಿಡಲಿಲ್ಲ, ಅಪ್ಪ ತೀರಿಕೊಂಡ ದಿನವೂ ಬಿಡಲಿಲ್ಲ. ಸಂಜೆ ಉಂಡು, ಬಾಯಿ ಮುಕ್ಕಳಿಸಿ, ಣಮೋಕಾರ ಮಂತ್ರ ಹೇಳಿ, ನಾಳೆ ಹೊತ್ತು ಹುಟ್ಟುವ ತನಕ ಎಲ್ಲ ಬಿಟ್ಟೆ ಎಂದು ಕೈಮುಗಿದಳೆಂದರೆ ಮುಗಿಯಿತು. ಆಮೇಲೆ ಆ ಬಾಯಿಗೆ ಬೀಗ. ನಾನು ರಾತ್ರಿ ಉಣ್ಣುತ್ತೇನೆ, ಆಕೆಯ ಎದುರೇ ಉಣ್ಣುತ್ತೇನೆ. ಒಂದು ದಿನವೂ ಆಕೆ ನನಗೆ ಬ್ಯಾಡ ಎಂದಿಲ್ಲ.

ಡಾಕ್ಟರ ಹತ್ತಿರ ಈ ನೇಮದ ಜಗಳ ವರ್ಷಗಟ್ಟಲೆ ನಡೆದಿದೆ. ಸಂಜೆಯ ಇನ್ಸುಲಿನ್ ರಾತ್ರಿಯೆಲ್ಲ ಕೆಲಸ ಮಾಡುತ್ತಿರುತ್ತದೆ, ಹೊಟ್ಟೆಯಲ್ಲಿ ಮಾತ್ರ ಬೆಳತನಕ ಏನೂ ಇಲ್ಲ.

"ಮಲಗೂ ಮುಂದ ಒಂದ ಕಪ್ ಹಾಲು ಕುಡೀರಿ ಅಮ್ಮಾರ. ಔಷಧ ಅಂತ ತಿಳೀರಿ."

"ಔಷಧನೂ ಹೊತ್ತಿದ್ದಾಗ ಕೊಡ್ರಿ ಸಾಹೇಬ್ರ," ಎಂದಳು ಅವ್ವ.

ಅವರು ನನ್ನ ಮುಖ ನೋಡಿದರು, ನಾನೇ ಆಕೆಗೆ ಬರೆದುಕೊಟ್ಟು ಕಂಠಪಾಠ ಮಾಡಿಸಿಕೊಂಡು ಬಂದಿದ್ದೇನೋ ಎಂಬ ಹಾಗೆ. ಕೊನೆಗೆ ಸಂಜೆಯ ಪ್ರಮಾಣ ಇಳಿಸಿದರು. ಇಳಿಸಿದರೆ ಬೆಳಿಗ್ಗೆ ಸಕ್ಕರೆ ಏರುತ್ತದೆ, ಏರಿದ ಸಕ್ಕರೆ ಕಣ್ಣು ತಿನ್ನುತ್ತದೆ. ಏರಿಸಿದರೆ ಸಂಜೆ ಕತ್ತಲಾದ ಮೇಲೆ ಜೀವಕ್ಕೇ ಕುತ್ತು. ಅತ್ತ ದರಿ ಇತ್ತ ಪುಲಿ. ಎರಡರ ನಡುವೆ ಅವ್ವನ ಎರಡೂ ಕಣ್ಣು ಹೋಗುತ್ತ ಬಂದವು. ಲೇಸರ್ ಹಾಕಿಸಿದೆವು, ಕಣ್ಣೊಳಗೆ ಇಂಜೆಕ್ಷನ್ ಕೊಡಿಸಿದೆವು. ಈಗ ಉಳಿದಿರುವುದು ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತದೆ, ಯಾರೆಂದು ಗೊತ್ತಾಗುವುದಿಲ್ಲ. ಖಾನಾಪುರದಲ್ಲಿ ಅಣ್ಣನ ಮನೆಯಲ್ಲಿದ್ದವಳನ್ನು ಈ ಕಣ್ಣಿನ ಚಿಕಿತ್ಸೆಯ ಓಡಾಟಕ್ಕಾಗಿಯೇ ಮಹಾಂತೇಶ ನಗರದ ನಮ್ಮ ಮನೆಗೆ ಕರೆತಂದೆ.

ಅಲ್ಲಿಂದ ಶುರುವಾದದ್ದು ಈ ಪ್ರಶ್ನೆ. ಉಣ್ಣಲು ಕೂಡುವ ಮುಂಚೆ ದಿನಾ ಕೇಳುತ್ತಾಳೆ, "ಹೊತ್ತು ಐತೇನವಾ?" ಐತಿ ಎಂದರೆ ತುತ್ತು ಎತ್ತುತ್ತಾಳೆ. ಹುಳ ಬಿದ್ದದ್ದು ಹಗಲಲ್ಲೂ ಆಕೆಗೆ ಈಗ ಕಾಣುವುದಿಲ್ಲವಲ್ಲ, ಅದನ್ನೊಮ್ಮೆ ನಾನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. "ನೀ ನೋಡಿ ನೀಡ್ತಿಯಲ್ಲ," ಎಂದಳು. ಯಜಮಾನರ ಕೆಲಸ ಹುಬ್ಬಳ್ಳಿಯಲ್ಲಿ, ಅವರು ಬರುವುದು ಕತ್ತಲಾದ ಮೇಲೆ. ಹಾಗಾಗಿ ಸಾಲೆಯ ಗಂಟೆ ಹೊಡೆದ ಕೂಡಲೇ ನನ್ನ ಓಟ. ಶಹಾಪುರದಿಂದ ಸ್ಕೂಟಿ ಹತ್ತಿದರೆ ಮಾರ್ಕೆಟ್ಟಿನ ಗದ್ದಲ, ಕೋಟೆ ಕೆರೆಯ ಹತ್ತಿರ ಟ್ರಾಫಿಕ್ಕು, ಬೆನ್ನ ಹಿಂದೆ ಇಳಿಯುತ್ತಿರುವ ಸೂರ್ಯ. ಮನೆ ಸೇರಿ, ಚುಚ್ಚಿ, ಅರ್ಧ ಗಂಟೆ ಕಾದು, ಉಣ್ಣಿಸಬೇಕು. ಒಮ್ಮೆ ಒಳಗೆ ಹೋದ ಇನ್ಸುಲಿನ್ನನ್ನು ವಾಪಸು ಕರೆಯಲು ಯಾವ ದೇವರಿಂದಲೂ ಆಗದು.

ಹೋದ ವರ್ಷ ಶ್ರಾವಣದಲ್ಲಿ ಅಣ್ಣನ ಮಗಳ ಕುಬಸ ಇತ್ತು. ಬಸುರಿ ಮೊಮ್ಮಗಳ ಉಡಿ ತುಂಬಬೇಕೆಂದು ಅವ್ವ ತಿಂಗಳ ಮುಂಚಿನಿಂದ ಹಾರಾಡುತ್ತಿದ್ದಳು. ಇಬ್ಬರೂ ಖಾನಾಪುರಕ್ಕೆ ಹೋದೆವು. ಮಳೆ ಹಿಡಿದುಬಿಟ್ಟಿತ್ತು. ಮಧ್ಯಾಹ್ನ ಅವ್ವ ಅರ್ಧ ಹೋಳಿಗೆ ಎಂದು ಕೂತು ಒಂದು ಪೂರಾ ತಿಂದಳು. ನಾನು ಕಣ್ಣು ದೊಡ್ಡದು ಮಾಡಿದ್ದು ಆಕೆಗೆ ಕಾಣಲಿಲ್ಲ, ಕಂಡ ಅಣ್ಣ ನಕ್ಕ.

ಊಟವಾದ ಮೇಲೆ ನಾನೂ ವೈನಿಯೂ, ಅಂದರೆ ಅಣ್ಣನ ಹೆಂಡತಿ, ಹಿತ್ತಲ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದೆವು. ಅವ್ವನ ರಾತ್ರಿಯ ಪಾಡು ಹೇಳಿಕೊಂಡು ನಾನು ಒಂದಿಷ್ಟು ಅತ್ತೆ. ವೈನಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಅಲ್ಲವಾ, ಅತ್ತಿಗ ಕಣ್ಣ ಕಾಣಂಗಿಲ್ಲ. ರಾತ್ರಿ ಹಾಲು ಕೊಟ್ಟು ಇನ್ನೂ ಹೊತ್ತು ಐತ್ರಿ ಅಂತ ಅಂದ್ರ ಆತಲ್ಲ. ಹಾವೂ ಸಾಯಂಗಿಲ್ಲ, ಕೋಲೂ ಮುರಿಯಂಗಿಲ್ಲ." ನಾನು ಉತ್ತರ ಕೊಡುವುದರೊಳಗೆ ಹಿಂದೆ ಗೋಡೆ ಸವರುವ ಸಪ್ಪಳ ಬಂತು. ಅವ್ವ ಬಚ್ಚಲಿಗೆಂದು ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಕೈಯನ್ನೂ ಹಿಡಿಯದೆ ಒಬ್ಬಳೇ ತಡವರಿಸುತ್ತ ವಾಪಸು ಹೋದಳು.

ಸಂಜೆ ಮಂದಿಯೆಲ್ಲ ಹೋದ ಮೇಲೆ ಬೆರಳು ಚುಚ್ಚಿ ನೋಡಿದರೆ ಮುನ್ನೂರರ ಹತ್ತಿರ. ಹೋಳಿಗೆಯ ಪ್ರತಾಪ. ಡಾಕ್ಟರು ಹೇಳಿಟ್ಟಿದ್ದ ಸಂಜೆಯ ಪ್ರಮಾಣವನ್ನು ಪೂರ್ತಿ ಕೊಟ್ಟೆ. ಅರ್ಧ ಗಂಟೆಗೆ ಅಡುಗೆಮನೆಯಲ್ಲಿ ತಟ್ಟೆ ಹಾಕಿದರು. ಹೊತ್ತು ಮುಳುಗಲು ಇನ್ನೂ ಸಾಕಷ್ಟು ವೇಳೆಯಿತ್ತು. ಅವ್ವ ಕೇಳಿದಳು, ನಾನು ಐತಿ ಎಂದೆ, ಅಣ್ಣನೂ ಐತಿ ಎಂದ. ಎರಡು ತುತ್ತು ಉಂಡಿದ್ದಳು. ಹೊರಗೆ ಮೋಡ ಕವಿದು ಹಂಚಿನ ಅಡುಗೆಮನೆ ಕತ್ತಲಾಗಿತ್ತು. ಪಲ್ಯದ ಪಾತ್ರೆ ಕಾಣಲಿಲ್ಲವೆಂದು ವೈನಿ ಗೋಡೆಯ ಬಟನ್ ಒತ್ತಿದರು. ಅವ್ವನ ತಲೆಯ ಮೇಲೇ ಟ್ಯೂಬ್‌ಲೈಟು.

ಅವ್ವನ ಕೈ ನಿಂತಿತು. ಮುಖ ಮೇಲೆತ್ತಿ ಬೆಳಕಿನ ಕಡೆ ನೋಡಿದಳು.

"ದೀಪ ಹಚ್ಚಿದ್ರಿ."

"ಮೋಡ ಆಗೇತ್ರಿ ಅತ್ತಿ, ಅದಕ್ಕ ಹಚ್ಚೀನಿ. ಹೊತ್ತು ಇನ್ನೂ ಐತ್ರಿ," ಎಂದರು ವೈನಿ. ಬೇರೆ ಯಾರು ಹೇಳಿದ್ದರೂ ನಡೆಯುತ್ತಿತ್ತು, ಅವರು ಹೇಳಬಾರದಿತ್ತು.

ಅವ್ವ ತಟ್ಟೆ ದೂಡಿದಳು. ಅಣ್ಣ ಗಡಿಯಾರ ನೋಡಿ ಹೇಳಿದ. ಗಡಿಯಾರ ನಿಮ್ಮ ಕೈಯಾಗ ಐತಿ ಎಂದಳು. ಬಸದಿಯ ಪಂಡಿತರಿಗೆ ಫೋನ್ ಹಚ್ಚಿ ಕೊಡ್ತೀನಿ, ನೀನೇ ಕೇಳು ಎಂದ. ಅವರಿಗೂ ನೀವ ಕಲಿಸಿರ್ತೀರಿ ಎಂದಳು. ನಾನು ಎರಡೂ ಕೈ ಹಿಡಿದುಕೊಂಡು, "ಅವ್ವಾ, ನಾ ಯಾವತ್ತರೆ ಸುಳ್ಳ ಹೇಳೀನೇನ? ಸೂಜಿ ಹೋಗೇತಿ ಒಳಗ, ಉಣ್ಣ ನನ್ನವ್ವಾ," ಎಂದೆ. ಆಕೆ ಕೈ ಬಿಡಿಸಿಕೊಂಡಳು. "ಅವ್ವನ ಜೀವ ಉಳೀಬೇಕು ಅಂತ ಹೇಳಾಕತ್ತಿ. ನಾ ನಿನ್ನ ಜಾಗಾದಾಗ ಇದ್ರ ನಾನೂ ಹೇಳತಿದ್ದೆ," ಎಂದು ಎದ್ದಳು. ಬಾಯಿ ಮುಕ್ಕಳಿಸಿದಳು, ಣಮೋಕಾರ ಹೇಳಿದಳು, ಕೈಮುಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದನ್ನು ನಾನು ಆವತ್ತು ಕಣ್ಣಾರೆ ಕಂಡೆ.

ಆಮೇಲೆ ಆದದ್ದನ್ನು ನೆನೆದರೆ ಇಂದಿಗೂ ಆ ಸೂರ್ಯನಿಗೆ ಎರಡು ಬಿಗಿಯಬೇಕು ಅನ್ನಿಸುತ್ತದೆ. ಅವ್ವ ಕಿಟಕಿಯ ಹತ್ತಿರದ ಮಂಚದಲ್ಲಿ ಹೋಗಿ ಕೂತಳು. ಮಳೆ ನಿಂತಿತು, ಪಡುವಣದ ಮೋಡ ಒಡೆಯಿತು, ಹಳದಿ ಬಿಸಿಲು ಕಿಟಕಿಯಿಂದ ಸೀದಾ ಬಂದು ಆಕೆಯ ಕೆನ್ನೆಯ ಮೇಲೆ ಬಿತ್ತು. ಅವ್ವ ಕೆನ್ನೆ ಮುಟ್ಟಿಕೊಂಡಳು. ಕೈ ಮುಂದೆ ಚಾಚಿ ಬಿಸಿಲನ್ನು ಮುಟ್ಟಿ ನೋಡಿದಳು.

"ಖರೇನ ಹೇಳಿದ್ರಿ ಹಂಗಾದ್ರ," ಎಂದಳು ಸಣ್ಣ ದನಿಯಲ್ಲಿ.

ನಾನು ತಟ್ಟೆ ಹಿಡಿದು ಓಡಿದೆ. ಆಕೆ ತಲೆ ಅಲ್ಲಾಡಿಸಿದಳು. ನೇಮ ಆಗಿಹೋಗಿತ್ತು. ಹೊತ್ತು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ಬಿಟ್ಟೆ ಎಂದ ಮೇಲೆ ಬಿಟ್ಟ ಹಾಗೆ. ಅಣ್ಣ ಕಾಲು ಹಿಡಿದ. ನಾನು ಬೈದೆ. ಹೆತ್ತ ತಾಯಿಗೆ ಆಡಬಾರದ ಮಾತೆಲ್ಲ ಆಡಿದೆ, ನಿನ್ನ ಹಠಕ್ಕಿಷ್ಟು ಬೆಂಕಿ ಹಚ್ಚ ಎಂದೆ. ಅವ್ವ ಬಿಸಿಲಿಗೆ ಮುಖವಿಟ್ಟು ಕೂತೇ ಇದ್ದಳು. ಸ್ವಲ್ಪ ಹೊತ್ತಿಗೆ ಆ ಬಿಸಿಲೂ ಹೋಯಿತು.

ಆಸ್ಪತ್ರೆಗೆ ಹೋಗೋಣವೆಂದರೆ ಒಪ್ಪಲಿಲ್ಲ. ಅಣ್ಣ ಕೇಳದೆ ಗಾಡಿ ತರಲು ಹೋದ. ಕತ್ತಲು ಬಿದ್ದಿತ್ತು. ಅವ್ವನ ಕುತ್ತಿಗೆಗೆ ಕೈ ಹಾಕಿದರೆ ರವಿಕೆ ಬೆವರಿನಿಂದ ತೊಯ್ದಿದೆ. "ಆಯೀ, ಗಾಡೀ ಆಲೀ ಕಾ?" ಎಂದಳು. ಅವ್ವಾ, ರೈಲು ಬಂತಾ ಎಂದು ಲೋಂಡಾದ ಸ್ಟೇಷನ್ನಿನಲ್ಲಿ ತನ್ನ ತಾಯಿಯನ್ನು ಕೇಳುತ್ತಿದ್ದಾಳೆ. ಎರಡನೆಯ ಸಲ ಕೇಳುವಾಗ ಮಾತು ತೊದಲಿತು, ತಲೆ ನನ್ನ ಹೆಗಲಿಗೆ ವಾಲಿತು. ವೈನಿ ಗ್ಲೂಕೋಸ್ ಪುಡಿ ತಂದರು. ಒಂದು ಗಳಿಗೆ, ಒಂದೇ ಗಳಿಗೆ, ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತೆ. ಐವತ್ತು ವರ್ಷಕ್ಕೂ ಮಿಕ್ಕಿ ಒಂದು ಹನಿ ನೀರೂ ಇಳಿಯದ ಹೊತ್ತು ಅದು. ಆಮೇಲೆ ಪುಡಿಯನ್ನು ಒದ್ದೆ ಮಾಡಿ ಬೆರಳಿನಿಂದ ಆಕೆಯ ಕೆನ್ನೆಯ ಒಳಗೆ, ವಸಡಿಗೆ ತಿಕ್ಕಿದೆ. ತಿಕ್ಕುತ್ತ ಅತ್ತೆ. ಮತ್ತೆ ಮತ್ತೆ ತಿಕ್ಕಿದೆ. ಆಕೆಯ ಗಂಟಲು ಅಲ್ಲಾಡಿತು.

ಅಣ್ಣ ಗಾಡಿ ತರುವುದರೊಳಗೆ ಅವ್ವ ಕಣ್ಣು ಬಿಟ್ಟಿದ್ದಳು. ನಾಲಿಗೆಯಿಂದ ತುಟಿ ಸವರಿಕೊಂಡಳು.

"ಬಾಯಿ ಸೀ ಆಗೇತಿ."

"ಮಧ್ಯಾಹ್ನದ ಹೋಳಿಗಿರಿ ಅತ್ತಿ, ಹಲ್ಲಿನ ಸಂದ್ಯಾಗ ಉಳಿದಿರಬೇಕು," ಎಂದುಬಿಟ್ಟರು ವೈನಿ. ಅವ್ವ ಅವರ ಕಡೆ ತಿರುಗಲಿಲ್ಲ. ನನ್ನ ಉಸಿರು ಎಲ್ಲಿದೆಯೋ ಆ ಕಡೆ ಮುಖ ಮಾಡಿ ಕಾದಳು. ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನಿಂದ ಆಗಲಿಲ್ಲ. ಆ ಸಂಜೆ ಖರೆ ಹೇಳಿದಾಗ ನಂಬಲಿಲ್ಲವಲ್ಲ ಎಂಬ ಕಿಚ್ಚೂ ಒಳಗೆ ಇತ್ತು.

"ನಾ ಹಾಕೀನಿ ಅವ್ವಾ. ಗ್ಲೂಕೋಸು. ಹೊತ್ತು ಮುಳುಗಿದ ಮ್ಯಾಲ."

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದರು, ರಾತ್ರಿ ಅಲ್ಲೇ ಇಟ್ಟುಕೊಂಡರು. ಬೆಳಿಗ್ಗೆ ಮನೆಗೆ ಕರೆತಂದ ಕೂಡಲೇ, "ಇವತ್ತ ನಂದು ಉಪಾಸ," ಎಂದಳು. ನೇಮ ಮುರಿದದ್ದಕ್ಕೆ ಪ್ರಾಯಶ್ಚಿತ್ತ.

ನನಗೆ ತಡೆಯಲಾಗಲಿಲ್ಲ. "ಮಾಡು, ಮಾಡು. ಉಪಾಸ ಮಾಡಿದ್ರ ಮತ್ತ ಬೀಳ್ತಿ. ನಾ ಮತ್ತ ಹಾಕ್ತೀನಿ. ನಾಳೆ ಅದಕ್ಕೊಂದು ಉಪಾಸ ಹಿಡಿ, ನಾಡದು ಇನ್ನೊಂದು. ಇದಕ್ಕ ಕೊನಿ ಎಲ್ಲೈತಿ ಹೇಳಿಬಿಡು. ನಾನೂ ಸಕ್ಕರಿಯಾಕಿ, ನನಗೂ ತ್ರಾಣ ಇಲ್ಲ ಇನ್ನ," ಎಂದು ಕೂಗಾಡಿದೆ. ಬಸುರಿ ಹುಡುಗಿ ಒಳಗಿಂದ ಓಡಿ ಬಂದು ಬಾಗಿಲಲ್ಲಿ ನಿಂತಳು. ಅವ್ವ ಆಕೆಯ ಹೆಜ್ಜೆ ಸಪ್ಪಳದ ಕಡೆ ಮುಖ ತಿರುಗಿಸಿದಳು. ಆಮೇಲೆ, "ಉಪ್ಪು ಬಿಡ್ತೀನಿ," ಎಂದಳು. ನಮ್ಮಲ್ಲಿ ಅದೂ ಒಂದು ಕ್ರಮ, ಉಪವಾಸ ಆಗದವರು ಒಂದು ರುಚಿ ತ್ಯಾಗ ಮಾಡುತ್ತಾರೆ. ಆವತ್ತಿಡೀ ಉಪ್ಪಿಲ್ಲದ ಬೇಳೆ, ಉಪ್ಪಿಲ್ಲದ ಪಲ್ಯ ಉಂಡಳು. ಸೂಜಿಗೂ ಕೈ ಕೊಟ್ಟಳು.

ಬೆಳಗಾವಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಆಕೆಗೆ ಕಿಟಕಿಯ ಸೀಟು ಕೊಟ್ಟೆ. ಕಾಣುವುದಿಲ್ಲ, ಆದರೂ ಗಾಳಿ ಬೇಕು ಆಕೆಗೆ. ನಾನಿನ್ನೂ ಮುನಿಸಿಕೊಂಡೇ ಇದ್ದೆ. ಖಾನಾಪುರ ದಾಟಿ ಸುಮಾರು ದೂರ ಬಂದ ಮೇಲೆ ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟಳು.

"ಈ ಸಲ ಖರೇ ಹೇಳಿದಿ."

"ಹೇಳಬಾರದಿತ್ತೇನ?"

"ಛಲೋ ಆತು ಹೇಳಿದ್ದು." ಬಸ್ಸು ಒಂದು ತಗ್ಗಿಗೆ ಬಿದ್ದು ಎದ್ದಿತು. ಆಕೆ ಮುಂದಿನ ಸೀಟಿನ ಸರಳು ಹಿಡಿದುಕೊಂಡಳು. "ಮುಂದಿನ ಸಲ ಹೇಳಬ್ಯಾಡ. ಉಂಡ ಮ್ಯಾಲ ನಾ ಇನ್ನ ಕೈಮುಗಿಯಂಗಿಲ್ಲ, ಮಲಗೂ ಮುಂದ ಮುಗೀತೀನಿ. ನಡುವ ಏನರೆ ಆತಂದ್ರ ನಾ ಕೇಳ್ತೀನಿ. ಐತಿ ಅನ್ನು."

ನಾನು ಕಿಟಕಿಯ ಆಚೆ ನೋಡಿದೆ. ಏನು ಕಂಡಿತೋ ನೆನಪಿಲ್ಲ. ಆಕೆಯ ಜೀವ ಉಳಿಯಲೆಂದು ಎಷ್ಟು ಜಗಳ ಕಾದಿದ್ದೆ, ಗೆದ್ದಾಗ ಸಂತೋಷವಾಗಬೇಕಿತ್ತು. ಐವತ್ತು ವರ್ಷ ಗಟ್ಟಿಯಾಗಿ ನಿಂತ ಹೆಂಗಸನ್ನು ಬಗ್ಗಿಸಿಬಿಟ್ಟೆನಲ್ಲ ಎಂದೇ ಅನ್ನಿಸುತ್ತಿತ್ತು.

ಅದಾದ ಮೇಲೆ ಸುಳ್ಳು ಹೇಳುವ ಪ್ರಸಂಗ ಬಾರದಿರಲಿ ಎಂದು ಇನ್ನಷ್ಟು ಓಡಾಡಿದೆ. ಸಾಲೆಯಲ್ಲಿ ಕೊನೆಯ ಪಿರಿಯಡ್ಡು ಬೇಡವೆಂದು ಹೆಡ್‌ಮಾಸ್ತರರ ಹತ್ತಿರ ಜಗಳವಾಡಿದೆ. ಡಾಕ್ಟರಿಗೆ ಹೇಳಿ ಬೇರೆ ಇನ್ಸುಲಿನ್‌ಗೆ ಬದಲಾಯಿಸಿದೆವು. ದಸರೆ, ದೀಪಾವಳಿ ನೆಟ್ಟಗೆ ಕಳೆದವು.

ಪುಷ್ಯದಲ್ಲಿ ಅವ್ವನಿಗೆ ಹೊಟ್ಟೆ ಕೆಟ್ಟಿತು. ಸಂಜೆ ಸರಿಯಾದ ವೇಳೆಗೇ ಉಂಡಳು, ಆದರೆ ಅರ್ಧ ರೊಟ್ಟಿಯೂ ಇಳಿಯಲಿಲ್ಲ. ಹೊರಗೆ ಕತ್ತಲಾಗಿ, ಬೀದಿ ದೀಪ ಹತ್ತಿ, ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಬಾಜು ಕೂತಿದ್ದ ಅವ್ವನ ಜಪಸರ ಕೈಯಿಂದ ಜಾರಿ ಬಿತ್ತು. ಚುಚ್ಚಿ ನೋಡಿದರೆ ಅರವತ್ತರ ಕೆಳಗೆ. ಗ್ಲೂಕೋಸ್ ಕಲಸಿ ಲೋಟ ಹಿಡಿದು ಆಕೆಯ ಮುಂದೆ ನಿಂತೆ. ಅವ್ವನಿಗೆ ಎಚ್ಚರವಿತ್ತು, ಇನ್ನೂ ಕೈಮುಗಿದಿರಲಿಲ್ಲ. ತಲೆಯ ಮೇಲೆ ದೀಪ ಉರಿಯುತ್ತಿತ್ತು, ಆ ಬೆಳಕೊಂದು ಆಕೆಗೆ ಚೆನ್ನಾಗಿಯೇ ಕಾಣುತ್ತದೆ. ಅವ್ವ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮುಚ್ಚಿಕೊಂಡ ಮೇಲೆ ಕೇಳಿದಳು.

"ಹೊತ್ತು ಐತೇನವಾ?"

"ಐತಿ ಅವ್ವಾ," ಎಂದೆ.

ಬಾಯಿ ತೆರೆದಳು.